ಒಂದು ವೋಲ್ಟಿನ ಒಡಪು

ಮೊನ್ನೆ ಸೋಮವಾರ ಒಗ್ಗರಣೆಗೆಂದು ಸಾಸಿವೆ ಡಬ್ಬಿ ತೆರೆದರೆ ಅದರೊಳಗೊಂದು ಹಳದಿ ವೈರು ಸುರುಳಿ ಸುತ್ತಿಕೊಂಡು ಮಲಗಿತ್ತು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಮೂಡಲಗಿಯ ಕುಬಸದ, ಅಂದರೆ ಸೀಮಂತದ, ಮನೆಯಲ್ಲೇ ಉಳಿಯಿತೆಂದು ನಾನು ಕೈಬಿಟ್ಟಿದ್ದ ವೈರು ಅದು! ಖುಷಿಯಲ್ಲಿ ಸಾಸಿವೆಯನ್ನೇ ಮರೆತೆ. ಎಣ್ಣೆ ಹೊಗೆಯೆದ್ದು, ಹೊರಗೆ ಪೇಪರು ಓದುತ್ತಿದ್ದ ನಮ್ಮ ಮನೆಯವರು ಓಡಿಬಂದು "ಏನ ಸುಟ್ಟಿತು?" ಎಂದರು. "ಸುಟ್ಟಿದ್ದಲ್ರಿ, ಸಿಕ್ಕಿದ್ದು!" ಎಂದು ವೈರನ್ನು ಅವರ ಮೂಗಿನ ಮುಂದೆ ಆಡಿಸಿದೆ. ಅವರು ಮೊದಲು ಗ್ಯಾಸ್ ಆರಿಸಿದರು. ಮದುವೆಯಾದಾಗಿನಿಂದ ನಮ್ಮ ಸಂಸಾರ ಹೀಗೇ ನಡೆದಿದೆ. ನಾನು ಹಚ್ಚುತ್ತೇನೆ, ಅವರು ಆರಿಸುತ್ತಾರೆ.

ವೈರಿನ ವಿಷಯ ಹೇಳಬೇಕೆಂದರೆ ಮೊದಲು ನಮ್ಮ ಪೆಟ್ಟಿಗೆಯ ಪರಿಚಯ ಮಾಡಿಕೊಡಬೇಕು. ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹೆಂಗಸು ಬಿಡುವಿನ ವೇಳೆಯಲ್ಲಿ ಏನು ಮಾಡಬೇಕು? ಕಸೂತಿ ಹಾಕಬಹುದು, ಶ್ಯಾವಿಗೆ ಹೊಸೆಯಬಹುದು, ಧಾರಾವಾಹಿ ನೋಡಿ ಅಳಬಹುದು. ನಾನು ಮಾಡ್ಯುಲರ್ ಸಿಂಥಸೈಜರ್ ಕಟ್ಟಿಕೊಂಡೆ. ಹೆಸರು ಕೇಳಿ ಹೆದರಬೇಡಿ. ಅದೊಂದು ಮರದ ಪೆಟ್ಟಿಗೆ, ಅದರಲ್ಲಿ ಸಾಲಾಗಿ ಕೂರಿಸಿದ ತಗಡಿನ ಫಲಕಗಳು, ಫಲಕದ ಮೇಲೆ ತಿರುವುವ ಗುಂಡಿಗಳು ಮತ್ತು ತೂತುಗಳು. ಒಂದೊಂದು ಫಲಕವೂ ಒಂದೊಂದು ಮಾಡ್ಯೂಲು. ಒಂದು ದನಿ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ತಾಳ ಹಾಕುತ್ತದೆ. ತಮ್ಮಷ್ಟಕ್ಕೆ ತಾವು ಯಾವುವೂ ಮಾತಾಡುವುದಿಲ್ಲ. ಈ ತೂತಿನಿಂದ ಆ ತೂತಿಗೆ ನೀವು ವೈರು ಚುಚ್ಚಿ ಪರಿಚಯ ಮಾಡಿಸಿದ ಮೇಲೇ ಅವಕ್ಕೆ ಬಾಯಿ ಬರುವುದು. ನಮ್ಮೂರ ಬೀಗರ ಹಾಗೆ, ನಡುವೆ ಒಬ್ಬರು ಬೇಕು.

ಪೆಟ್ಟಿಗೆಯನ್ನು ಮಾಡಿಕೊಟ್ಟವರು ನಮ್ಮ ಓಣಿಯ ಇಸ್ಮಾಯಿಲ್ ಮಿಸ್ತ್ರಿ. ಅಳತೆಯ ಚಿತ್ರ ಕೈಯಲ್ಲಿ ಹಿಡಿದು ಅವರು ಬಹಳ ಹೊತ್ತು ನಿಂತರು.

"ಅಕ್ಕಾರ, ಇದು ಹಾರ್ಮೋನಿಯಂ ಏನ್ರಿ?"

"ಅಲ್ರಿ ಮಿಸ್ತ್ರಿ."

"ಮತ್ತ ಜೇನ ಸಾಕಾಕ ಹತ್ತೀರೇನ್ರಿ?"

ತೇಗದ ಹಲಗೆಗೆ ಅವರು ಎಣ್ಣೆ ತಿಕ್ಕಿ ತಂದುಕೊಟ್ಟ ದಿನ ನಾನು ಅದರ ಮುಂದೆ ಕೂತು ಊಟ ಮಾಡಿದೆ. ಆಮೇಲೆ ಬಿಡಿಭಾಗಗಳು ಪೋಸ್ಟಿನಲ್ಲಿ ಬರತೊಡಗಿದವು, ನಾನು ಬೆಸುಗೆ ಹಾಕತೊಡಗಿದೆ. ಒಮ್ಮೆ ಕೊರಿಯರಿನವನು ಬಾಗಿಲಲ್ಲಿ ನಿಂತು "ಯಜಮಾನರ ಹೆಸರ ಹೇಳ್ರಿ" ಎಂದ. ತರಗತಿಯ ಹಾಜರಿಯನ್ನು ಉಸಿರು ತಿರುಗಿಸದೆ ಕೂಗುವ ಬಾಯಿ ಅಲ್ಲಿ ಕಟ್ಟಿಹೋಯಿತು. ಕೊನೆಗೆ ಅವನ ಕೈಯಿಂದ ಪೆನ್ನು ತೆಗೆದುಕೊಂಡು ಬರೆದುಕೊಟ್ಟೆ. ಬರೆಯಲು ಅಡ್ಡಿಯಿಲ್ಲ, ನೋಡಿ. ಬಾಯಲ್ಲಿ ಮಾತ್ರ ಬರಕೂಡದು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. "ಇವರು", "ನಮ್ಮ ಮನಿಯಾವರು", "ಪುಟ್ಟಿ ಅಪ್ಪಾರು", ಏನೂ ತೋಚದಿದ್ದರೆ ಒಂದು ಕೆಮ್ಮು. ನಕ್ಕುಬಿಡಿ, ನನಗೂ ನಗು ಬರುತ್ತದೆ. ಆದರೂ ಹೇಳಲು ಹೋದರೆ ನಾಲಿಗೆ ಹಲ್ಲಿನ ಹಿಂದೆ ಅಡಗುತ್ತದೆ.

ಮದುವೆ, ಕುಬಸದಂಥ ದಿನಗಳಲ್ಲಿ ಮಾತ್ರ ಈ ಕಟ್ಟು ಸಡಿಲ. ಆಗ ಹೆಂಗಸರು ಹೆಸರನ್ನು ಒಂದು ಪದ್ಯದಲ್ಲಿ ಸುತ್ತಿ, ಪ್ರಾಸ ಕಟ್ಟಿ, ಕೊನೆಗೆ ಬಿಡುತ್ತಾರೆ. ಅದೇ ಒಡಪು. ಒಡಪು ಹೇಳುವುದರಲ್ಲಿ ಹುಕ್ಕೇರಿಯಿಂದ ಕೌಜಲಗಿಯ ತನಕ ನಮ್ಮ ಚಿಗವ್ವನನ್ನು ಮೀರಿಸುವವರು ಇರಲಿಲ್ಲ. ಚಿಗವ್ವನೆಂದರೆ ನಮ್ಮ ಕಾಕಾನ ಹೆಂಡತಿ. ಅವಳ ಮಾತಿಗೆ ಆಮೇಲೆ ಬರುತ್ತೇನೆ, ಪೆಟ್ಟಿಗೆಯ ಮಾತು ಇನ್ನೂ ಮುಗಿದಿಲ್ಲ.

ಆ ಪೆಟ್ಟಿಗೆಯಲ್ಲಿ ನನ್ನ ಜೀವವಿರುವುದು ಒಂದೇ ಮಾಡ್ಯೂಲಿನಲ್ಲಿ. ಅದರ ಹೆಸರು ಸ್ಯಾಂಪ್ಲರ್. ಯಾವ ದನಿ ಕೊಟ್ಟರೂ ನುಂಗಿ ಇಟ್ಟುಕೊಂಡು, ಬೇಡಿದಾಗ ಕಕ್ಕುತ್ತದೆ. ಇದರಲ್ಲೇನು ಹೆಚ್ಚುಗಾರಿಕೆ, ಫೋನೂ ಮಾಡುತ್ತದೆ ಎನ್ನಬಹುದು ನೀವು. ತಡೆಯಿರಿ. ಇದನ್ನು ಆಳುವುದು ವೋಲ್ಟೇಜು! ವೈರಿನಲ್ಲಿ ಒಂದು ವೋಲ್ಟು ಏರಿಸಿದರೆ ದನಿ ಒಂದು ಸಪ್ತಕ ಮೇಲೆ ಹಾರುತ್ತದೆ. ಒಂದು ವೋಲ್ಟು ಇಳಿಸಿದರೆ ಒಂದು ಸಪ್ತಕ ಕೆಳಗೆ. ದನಿಯನ್ನು ಎಲ್ಲಿಂದ ಶುರುಮಾಡಬೇಕು, ಎಷ್ಟು ಉದ್ದ ನುಡಿಸಬೇಕು, ಮುಂದಕ್ಕೋ ಹಿಂದಕ್ಕೋ ಎಂಬುದಕ್ಕೂ ಬೇರೆ ಬೇರೆ ತೂತುಗಳಿವೆ. ನಾನು ಮೊದಲು ನುಂಗಿಸಿದ್ದು ನಮ್ಮ ಗೋಕಾಕ ಫಾಲ್ಸನ್ನು. ಮಳೆಗಾಲದಲ್ಲಿ ಕೊಡೆ ಹಿಡಿದು, ಮೈಕು ಸೆರಗಿನಲ್ಲಿ ಮುಚ್ಚಿ, ತೂಗುಸೇತುವೆಯ ಹತ್ತಿರ ನಿಂತು ಭಕ್ತಿಯಿಂದ ದನಿ ಹಿಡಿದು ತಂದೆ. ಮನೆಯಲ್ಲಿ ಹಾಕಿದರೆ ನಮ್ಮವರು "ಕುಕ್ಕರ ಎಷ್ಟ ಸೀಟಿ ಆತು?" ಎಂದು ಕೇಳಿದರು. ಬೇಸರದಲ್ಲಿ ವೋಲ್ಟು ಇಳಿಸುತ್ತ ಹೋದೆ. ಇಳಿಸಿದಷ್ಟೂ ಜಲಪಾತ ನಿಧಾನವಾಯಿತು, ಕೊನೆಗೆ ಎಮ್ಮೆಯೊಂದು ನೆಮ್ಮದಿಯಾಗಿ ಮೆಲುಕು ಹಾಕುವ ಸದ್ದು ಬಂತು! ನಾನು ಎದ್ದು ಕುಣಿದೆ. ಆಮೇಲೆ ಮನೆಯಲ್ಲಿ ಯಾವ ಸದ್ದಿಗೂ ಉಳಿಗಾಲವಿಲ್ಲದಾಯಿತು. ಕರದಂಟಿನ ಅಂಗಡಿಯ ಬಾಣಲೆಯಲ್ಲಿ ಬೆಲ್ಲದ ಪಾಕ ಕೊತಗುಟ್ಟುವುದು, ಕೊಣ್ಣೂರಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಏದುಸಿರು ಬಿಡುವುದು, ಪಕ್ಕದ ಮನೆಯ ರೊಟ್ಟಿ ಬಡಿತ, ಎಲ್ಲ ಪೆಟ್ಟಿಗೆಗೆ ಹೋದವು. ಜೋಳದ ರೊಟ್ಟಿ ಬಡಿತವನ್ನು ಎರಡು ವೋಲ್ಟು ಇಳಿಸಿ ಕೇಳಬೇಕು ನೀವು, ಡೊಳ್ಳಿನವರು ನಾಚಬೇಕು.

ಈ ಹುಚ್ಚಿಗೆ ಬೇರು ಎಲ್ಲಿದೆ ಎಂದು ನನಗೆ ಗೊತ್ತು. ಅದು ಹುಕ್ಕೇರಿಯಲ್ಲಿದೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ನಮ್ಮ ಅಪ್ಪನ ತಮ್ಮ ಈರಪ್ಪ ಕಾಕಾ ಪೇಟೆಯಲ್ಲಿ ಲೌಡ್‌ಸ್ಪೀಕರ್ ಅಂಗಡಿ ಇಟ್ಟಿದ್ದರು. ಸುತ್ತಲ ಊರಿನ ಮದುವೆಗೆಲ್ಲ ಅವರದೇ ಹಾರ್ನು. ನಮ್ಮ ಕಡೆ ಅದಕ್ಕೆ ಕರ್ಣಾ ಎನ್ನುತ್ತಾರೆ. ಮರದ ತುದಿಗೆ ಕರ್ಣಾ ಕಟ್ಟಿ, ಕೆಳಗೆ ರೆಕಾರ್ಡು ಹಚ್ಚಿ, ನಡುನಡುವೆ ಕಾಕಾ ಮೈಕು ಹಿಡಿದು "ಧುಪದಾಳದ ಬೀಗರು ಎಲ್ಲಿದ್ದರೂ ಊಟದ ಪೆಂಡಾಲಿಗೆ ಬರಬೇಕು" ಎಂದು ಕೂಗುತ್ತಿದ್ದರು. ಊರಿನ ಎಲ್ಲರ ಹೆಸರೂ ಅವರ ಬಾಯಿಂದ ಆಕಾಶಕ್ಕೆ ಹೋಗಿಬಂದಿವೆ.

ಆಗಿನ ಕರೆಂಟು ನಿಮಗೆ ಗೊತ್ತೇ ಇದೆ. ಹೊಲದ ಪಂಪುಸೆಟ್ಟುಗಳು ಶುರುವಾದ ಕೂಡಲೇ ಮದುವೆಮನೆಯ ವೋಲ್ಟೇಜು ಕುಸಿಯುತ್ತಿತ್ತು. ರೆಕಾರ್ಡು ತಿರುಗುವುದು ನಿಧಾನವಾಗಿ, ಹಾಡುತ್ತಿದ್ದ ಗಾಯಕಿ ನೋಡನೋಡುತ್ತ ಗಂಡಸಾಗುತ್ತಿದ್ದಳು. ಪಾಪ, ಅವಳಿಗೆ ನೆಗಡಿಯಾಗಿದೆ ಎಂದೇ ನಾನು ತಿಳಿದಿದ್ದೆ. ಕಾಕಾನ ಹತ್ತಿರ ಮುಳ್ಳಿನ ಮೀಟರು ಇದ್ದ ಒಂದು ಸ್ಟೆಬಿಲೈಜರ್ ಇತ್ತು. ಮುಳ್ಳು ಕೆಳಗೆ ಬಿದ್ದಾಗ ಗುಂಡಿ ತಿರುವಿ ಮೇಲೆತ್ತುವ ಕೆಲಸ ನನ್ನದು. "ಶೈಲಾ, ವೋಲ್ಟೇಜ್ ಏರಸ!" ಎಂದು ಕಾಕಾ ಕೂಗಿದರೆ ನಾನು ಎರಡೂ ಕೈಯಿಂದ ತಿರುವುತ್ತಿದ್ದೆ, ಗಂಡಸಾಗಿದ್ದ ಗಾಯಕಿ ಮತ್ತೆ ಹೆಂಗಸಾಗುತ್ತಿದ್ದಳು. ಒಮ್ಮೆ ಬೂಂದಿ ತಿನ್ನುವ ಭರದಲ್ಲಿ ಹೆಚ್ಚು ತಿರುವಿ, ಗಾಯಕಿ ಕೀಚಲು ಕೂಸಾಗಿ, ವರನ ಕಡೆಯ ಹಿರಿಯರೊಬ್ಬರು ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕರು. ಈಗ ದೊಡ್ಡ ದೊಡ್ಡ ದೇಶಗಳಲ್ಲಿ ವೋಲ್ಟೇಜಿನಿಂದ ದನಿಯನ್ನು ಆಳುವ ಯಂತ್ರ ಬಂದಿದೆ ಎಂದು ಓದಿದಾಗ ನನಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಹುಕ್ಕೇರಿಯಲ್ಲಿ ನಾವು ಆಗಲೇ ಮಾಡಿಬಿಟ್ಟಿದ್ದೆವು.

ಕಾಲ ಸರಿದು ಕಾಕಾ ಅಂಗಡಿ ಮುಚ್ಚಿದರು, ಮಗನ ಜೊತೆ ಮೂಡಲಗಿಗೆ ಬಂದು ನೆಲೆಸಿದರು. ಕರ್ಣಾದ ಕೆಳಗೆ ಜೀವಮಾನ ಕಳೆದ ಕಿವಿ ಮಂದವಾಯಿತು. ಕಿವಿಗೆ ಹಚ್ಚುವ ಮಿಷನ್ ತಂದುಕೊಟ್ಟರೆ ಎರಡು ದಿನ ಹಾಕಿ ಕಿತ್ತಿಟ್ಟರು. "ಇದರ ದನಿ ಸರಿ ಇಲ್ಲ. ಇಂಥಾ ಮಾಲ ನಾ ಗಿರಾಕಿಗೆ ಎಂದೂ ಕೊಟ್ಟಿಲ್ಲ" ಎಂದರು. ಅದೇ ಹೊತ್ತಿಗೆ ಚಿಗವ್ವನಿಗೆ ಗಂಟಲಿನಲ್ಲಿ ಗಂಟಾಗಿ ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ದನಿ ಮಾತ್ರ ಹೋಯಿತು. ಉಳಿದದ್ದು ಬರೀ ಪಿಸುಮಾತು. ಹತ್ತಿರ ಕೂತವರಿಗೆ ಅರ್ಥವಾಗುತ್ತದೆ, ಆದರೆ ಕಾಕಾನ ಕಿವಿಗೆ ಅದು ಮುಟ್ಟುವುದಿಲ್ಲ. ಇವಳ ಬಾಯಿ ಮತ್ತು ಅವರ ಕಿವಿ ಒಂದೇ ಮನೆಯಲ್ಲಿದ್ದೂ ಭೇಟಿಯಾಗುವುದು ನಿಂತುಹೋಯಿತು. ಊಟಕ್ಕೆ ಕರೆಯಬೇಕಾದರೆ ಚಿಗವ್ವ ಸೌಟಿನಿಂದ ತಾಟು ಬಡಿಯುತ್ತಾಳೆ, ಚಹಾ ಆದರೆ ಒಂದು ಬಟ್ಟಲು ಕುಟ್ಟುತ್ತಾಳೆ. ಒಡಪು ಹೇಳುವುದನ್ನು ಅವಳು ಪೂರ್ತಿ ಬಿಟ್ಟಳು. ಯಾರ ಮನೆಯಲ್ಲಿ ಏನಿದ್ದರೂ ಅಡುಗೆಮನೆಯೊಳಗೆ ಹೋಗಿ ಕೂರತೊಡಗಿದಳು. ಅದನ್ನು ನೋಡಿದಾಗಲೆಲ್ಲ ನನಗೆ ಬಹಳ ಸಂಕಟವಾಗುತ್ತಿತ್ತು.

ಹೀಗಿರುವಾಗ ಅವರ ಮೊಮ್ಮಗಳು ಪ್ರೀತಿಯ ಕುಬಸ ಬಂತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ದಿನ. ನಮ್ಮ ಮನೆತನದ ರೂಢಿಯೆಂದರೆ ಹಿರಿಯ ಮುತ್ತೈದೆ ಮೊದಲು ಒಡಪು ಹೇಳಬೇಕು, ಆಮೇಲೆ ಉಳಿದವರು. ಈಗ ಹಿರಿಯ ಮುತ್ತೈದೆ ಚಿಗವ್ವನೇ. ಪ್ರೀತಿ ನನಗೆ ಫೋನು ಮಾಡಿದಳು.

"ಅತ್ತಿ, ಅಜ್ಜಿ ಒಡಪ ಹೇಳಲಿಲ್ಲಂದ್ರ ನಾ ಬಳಿ ಇಟಗೊಳ್ಳಾಂಗಿಲ್ಲ. ಖರೇನ ಹೇಳಾಕತ್ತೇನಿ."

"ಆಕಿಗೆ ದನಿ ಇಲ್ಲಲ್ಲವಾ?"

"ನಿಮ್ಮ ಪೆಟಗಿ ಐತೆಲ್ಲ ಅತ್ತಿ! ಅದರಾಗ ಎಮ್ಮಿ ಮಾತಾಡತೈತಿ, ಅಜ್ಜಿ ಮಾತಾಡಾಂಗಿಲ್ಲೇನು?"

ನಾನು ಕೂತಲ್ಲಿಂದ ಜಿಗಿದೆ. ಇದು ನನಗೇಕೆ ಹೊಳೆಯಲಿಲ್ಲ! ನನ್ನ ಮದುವೆಯಲ್ಲಿ ಚಿಗವ್ವ ಹೇಳಿದ ಒಡಪನ್ನು ಕಾಕಾ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಅವಳ ದನಿ ಉಳಿದಿರುವುದು ಅದೊಂದರಲ್ಲೇ. ಮೂಡಲಗಿಗೆ ಹೋಗಿ ಚೀಟಿಯಲ್ಲಿ ಬರೆದು ಕೇಳಿದ ಕೂಡಲೇ ಕಾಕಾ ಅದನ್ನು ಪಂಚೆಯ ತುದಿಯಿಂದ ಒರೆಸಿ ಕೊಟ್ಟರು. ಮನೆಗೆ ತಂದು ಹಳೆಯ ಟೇಪ್‌ರೆಕಾರ್ಡರಿನಲ್ಲಿ ಹಾಕಿ, ಸ್ಯಾಂಪ್ಲರಿಗೆ ವೈರು ಕೊಟ್ಟೆ. ಬಂತು ನೋಡಿ, ಹದಿನಾರಾಣೆ ಚಿಗವ್ವ!

"ಧುಪದಾಳ ಒಡ್ಡಿನ ಮ್ಯಾಲ ನೀರ ಹಾರತೈತಿ ಜೋರ,
ಹುಕ್ಕೇರಿ ಪ್ಯಾಟ್ಯಾಗ ಕರ್ಣಾ ಕೂಗತೈತಿ ಬ್ಯಾರ,
ಕರ್ಣಾದಾಗ ಊರವರ ಹೆಸರೆಲ್ಲ ಹೇಳವರ,
ನನ್ನ ಬಾಯಾಗ ಬರವರ ಒಬ್ಬರ, ಈರಪ್ಪನವರ."

ಕೊನೆಯ ಸಾಲು ಮುಗಿಯುತ್ತಿದ್ದಂತೆ ಟೇಪ್‌ರೆಕಾರ್ಡರಿನೊಳಗೆ ಕರಕರ ಸದ್ದಾಯಿತು. ತೆರೆದು ನೋಡಿದರೆ ಟೇಪು ಶ್ಯಾವಿಗೆಯಾಗಿತ್ತು. ಸರಿಮಾಡಲು ಹೋದರೆ ತುಂಡಾಯಿತು. ಒಡಪು ಹೇಗೂ ಸ್ಯಾಂಪ್ಲರಿನ ಹೊಟ್ಟೆ ಸೇರಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಏನೇ ಇರಲಿ ಎರಡೆರಡು ಕಾಪಿ ಮಾಡಿಟ್ಟುಕೊಳ್ಳಿ ಎಂದು ಹುಡುಗರಿಗೆ ವರ್ಷವಿಡೀ ಬೋಧಿಸುವವಳು ನಾನೇ. ನಾನು ಮಾಡಲಿಲ್ಲ. ಹೇಳುವುದು ಆಚಾರ ಅಂತಾರಲ್ಲ, ಮುಂದಿನದು ನಿಮಗೆ ಗೊತ್ತು.

ಕುಬಸದ ದಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂಡಲಗಿಯ ಬಸ್ಸು ಹತ್ತಿದೆ. "ಏನ್ರಿ ಅಕ್ಕಾರ, ಇಷ್ಟ ಕರದಂಟ ಯಾರಿಗ್ರಿ?" ಎಂದು ಕಂಡಕ್ಟರು ಕೇಳಿದರು. ದಾರಿಯ ಪ್ರತಿ ಕುಣಿಗೂ ಪೆಟ್ಟಿಗೆಯನ್ನು ಅವಚಿಕೊಂಡೆ. ಮನೆ ಮುಟ್ಟಿ ನೋಡಿದರೆ ಚಿಗವ್ವ ಅಡುಗೆಮನೆಯಲ್ಲಿ ಹೋಳಿಗೆಯ ಕಣಕ ನಾದುತ್ತಿದ್ದಳು. ವಿಷಯ ಹೇಳಿದೆ. ಅವಳ ಕೈ ನಿಂತಿತು.

"ಮಿಷನ್ನಿನ ಬಾಯಾಗ ನನ್ನ ಗಂಡನ ಹೆಸರ?" ಪಿಸುದನಿಯಲ್ಲೂ ಸಿಟ್ಟು ಎಷ್ಟು ಚೆನ್ನಾಗಿ ಕೇಳುತ್ತದೆ ಎಂದು ನನಗೆ ಅವತ್ತು ತಿಳಿಯಿತು. "ಮ್ಯಾಲ ಹಳೇ ಒಡಪ ಬ್ಯಾರೆ. ಉಂಡ ಎಲಿಯಾಗ ಮತ್ತ ಬಡಸತಾರೇನ ಶೈಲಾ?"

ಚಿಗವ್ವ ಒಮ್ಮೆ ಹೇಳಿದ ಒಡಪನ್ನು ಇನ್ನೊಮ್ಮೆ ಹೇಳಿದವಳಲ್ಲ. ಪ್ರತಿ ಸಲವೂ ಹೊಸದು ಕಟ್ಟುತ್ತಿದ್ದಳು.

"ಪ್ರೀತಿ ಹಟ ಹಿಡದಾಳ ಚಿಗವ್ವಾ."

"ನೀವ ಏನರ ಮಾಡಕೋರಿ. ನಾ ಇಲ್ಲೇ ಇರತೀನಿ."

ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಗಂಡಸರು ಹೊರಗೆ ಪೆಂಡಾಲಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು, ಕಾಕಾನೂ ಅಲ್ಲೇ. ಪ್ರೀತಿ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತು, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಬಳೆಗಾರ ಅಜ್ಜಿ ಕಾದು ಕಾದು ಆಕಳಿಸುತ್ತಿದ್ದಳು. ನಾನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ, ದೊಡ್ಡ ಸ್ಪೀಕರು ಸೇರಿಸಿದೆ, ಬಳೆಯ ಸದ್ದನ್ನೂ ಹಿಡಿದುಬಿಡೋಣ ಎಂಬ ಆಸೆಗೆ ಪ್ರೀತಿಯ ಮುಂದೆ ಒಂದು ಮೈಕು ನಿಲ್ಲಿಸಿ ಸ್ಯಾಂಪ್ಲರಿಗೆ ಕಟ್ಟಿದೆ. ರೊಟ್ಟಿ ಬಡಿತದ ತಾಳ, ಅದರ ಮೇಲೆ ಚಿಗವ್ವನ ಒಡಪು, ಹೀಗೆ ನನ್ನ ಯೋಜನೆ. ತಾಳ ಹಾಕುವ ಮಾಡ್ಯೂಲಿನಿಂದ ಹೊರಡುವುದು ಈ ಹಳದಿ ವೈರೇ. ಅದು ರೊಟ್ಟಿಯ ತೂತಿಗೆ ಹೋಗಬೇಕಿತ್ತು. ಹೆಂಗಸರೆಲ್ಲ ಕತ್ತು ಚಾಚಿ ನೋಡುತ್ತಿದ್ದ ಸಂಭ್ರಮಕ್ಕೆ ನಾನು ಅದನ್ನು ಚಿಗವ್ವನ ಒಡಪಿನ ತೂತಿಗೆ ಚುಚ್ಚಿದೆ. ಬಸ್ಸಿನ ಕುಣಿಗಳಿಗೆ ಗುಂಡಿಗಳೂ ಅಲುಗಾಡಿದ್ದವೆಂದು ಕಾಣುತ್ತದೆ. ಶುರುವಿನ ಗುಂಡಿ ತಿರುಗಿ ಒಡಪಿನ ತುದಿಗೆ ಹೋಗಿತ್ತು, ಉದ್ದದ ಗುಂಡಿ ತಿರುಗಿ ಗಿಡ್ಡಕ್ಕೆ ಬಂದಿತ್ತು. ನಾನು ಹೆಮ್ಮೆಯಿಂದ ಸ್ವಿಚ್ಚು ಒತ್ತಿದೆ.

"ಈರಪ್ಪ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಈರಪ್ಪ. ಈರಪ್ಪ. ಈರಪ್ಪ."

ಒಡಪಿಲ್ಲ, ಪ್ರಾಸವಿಲ್ಲ, 'ನವರ' ಎಂಬ ಮರ್ಯಾದೆಯ ಬಾಲವೂ ಇಲ್ಲ. ಚಿಗವ್ವನ ಕಂಚಿನ ಕಂಠ ಗಂಡನನ್ನು ಹೊಲದ ಆಳನ್ನು ಕರೆದ ಹಾಗೆ ಕರೆಯುತ್ತಿತ್ತು! ಸಾಲದ್ದಕ್ಕೆ ಇನ್ನೊಂದು ವೈರಿನಲ್ಲಿ ವೋಲ್ಟೇಜು ಏರುತ್ತಿತ್ತು. ಪ್ರತಿ ಬಡಿತಕ್ಕೂ ದನಿ ಎಳೆಯದಾಯಿತು. ಐವತ್ತರ ಚಿಗವ್ವ ಮೂವತ್ತಾದಳು, ಹೊಸ ಮದುಮಗಳಾದಳು, ಕೊನೆಗೆ ಲಂಗ ತೊಟ್ಟ ಹುಡುಗಿಯಾಗಿ ಕೀಚಲು ದನಿಯಲ್ಲಿ "ಈರಪ್ಪ, ಈರಪ್ಪ" ಎಂದು ಕುಣಿಯತೊಡಗಿದಳು. ಮೊದಲು ಬಳೆಗಾರ ಅಜ್ಜಿ ನಕ್ಕಳು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಬಸುರಿ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ ನನಗೆ ಬೇರೆಯದೇ ಭಯ ಹತ್ತಿತು. ನಿಲ್ಲಿಸಬೇಕೆಂದು ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದೆ. ಯಾವುದೋ ಕೆಂಪು ದೀಪ ಹತ್ತಿತು. ಸದ್ದು ನಿಲ್ಲಲಿಲ್ಲ.

ಅಷ್ಟರಲ್ಲಿ ಪೆಂಡಾಲಿನಿಂದ ಕಾಕಾ ಓಡಿಬಂದು ಹೊಸ್ತಿಲಲ್ಲಿ ನಿಂತರು. ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಎಲ್ಲೋ ದಾರಿಯಲ್ಲಿ ಉಳಿದಿತ್ತು. ಅಷ್ಟು ದೊಡ್ಡ ಸ್ಪೀಕರಿನ ಸದ್ದು ಅವರ ಕಿವಿಯನ್ನೂ ಮುಟ್ಟಿತ್ತು.

"ಏನ? ಕರದೇನ?" ಎಂದರು ಅವರು. ಗಾಬರಿಯಾಗಿತ್ತು, ಆದರೆ ಮುಖ ಮಾತ್ರ ದೀಪ ಹಚ್ಚಿದ ಹಾಗಿತ್ತು.

ನಗುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸುಮ್ಮನಾದರು. ಅಡುಗೆಮನೆಯಿಂದ ಚಿಗವ್ವ ಬಂದಳು. ಕೈಯೆಲ್ಲ ಕಣಕ. ಗಂಡನ ಮುಖ ನೋಡಿದಳು, ನನ್ನನ್ನು ನೋಡಿದಳು, ಮೇಜಿನ ಹತ್ತಿರ ಬಂದು ಅಷ್ಟೊಂದು ವೈರುಗಳಲ್ಲಿ ಸರಿಯಾಗಿ ಹಳದಿಯನ್ನೇ ಹಿಡಿದು ಕಿತ್ತಳು. ಹೇಗೆ ಗೊತ್ತಾಯಿತೋ ಶಿವನೇ ಬಲ್ಲ. ಸದ್ದು ನಿಂತಿತು. ವೈರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪ್ರೀತಿಯ ಎದುರಿಗೆ ಬಂದು, ಅವಳ ಎರಡೂ ಕೈಗಳನ್ನು ಸೆರಗಿನಿಂದ ಬಿಡಿಸಿ ಬಳೆಗಾರ ಅಜ್ಜಿಯ ಮುಂದೆ ಚಾಚಿಸಿದಳು. ಆಮೇಲೆ ಬಾಯಿ ತೆರೆದಳು.

"ದನಿ ಹೋದರ ಹೋಗಲಿ, ಉಸರ ಐತಿ ಇನ್ನ,
ಉಸರ ಇರೂತನ ಬಿಡಾಂಗಿಲ್ಲ ಈರಪ್ಪನವರನ್ನ."

ಮೂಲೆಯಲ್ಲಿ ಕೂತವರಿಗೂ ಕೇಳಿತು. ಇಷ್ಟು ಜನ ಹೆಂಗಸರು ಒಟ್ಟಿಗೆ ಇಷ್ಟು ಸುಮ್ಮನೆ ಕೂತದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಬಳೆಗಾರ ಅಜ್ಜಿ ಮೂಗು ಏರಿಸಿಕೊಂಡು ಮೊದಲ ಹಸಿರು ಬಳೆ ಇಡಿಸಿದಳು, ಆಮೇಲೆ ಒಬ್ಬರ ಮೇಲೊಬ್ಬರು ಒಡಪು ಹೇಳಿದ್ದೇ ಹೇಳಿದ್ದು. ನಾನೂ ಹೇಳಿದೆ. ಏನು ಹೇಳಿದೆನೆಂದು ಕೇಳಬೇಡಿ, ಪ್ರಾಸ ಕೂಡಲಿಲ್ಲ.

ಕೇಳದೆ ಉಳಿದವರು ಒಬ್ಬರೇ. ಹೊಸ್ತಿಲಲ್ಲಿ ನಿಂತ ಕಾಕಾ ಹೆಂಡತಿಯ ತುಟಿ ಅಲುಗಾಡಿದ್ದನ್ನು ನೋಡಿದ್ದರು, ಅಷ್ಟೇ.

"ಏನಂದ್ಳು? ಏನಂದ್ಳು?" ಎಂದು ಎಲ್ಲರನ್ನೂ ಕೇಳಿದರು.

"ಆಕಿನ್ನ ಕೇಳ್ರಿ ಅಜ್ಜಾರ" ಎಂದು ಹೆಂಗಸರು ನಕ್ಕರು. ಚಿಗವ್ವ ಆಗಲೇ ಕಣಕದ ಹತ್ತಿರ ಹೋಗಿದ್ದಳು. ಉಂಡ ಎಲೆಯಲ್ಲಿ ಮತ್ತೆ ಬಡಿಸುವವಳಲ್ಲ ಅವಳು, ಬಡಿಸಿದರೂ ಆ ಕಿವಿಗೆ ಮುಟ್ಟುವಂತಿರಲಿಲ್ಲ.

ಗೋಕಾಕಕ್ಕೆ ಬಂದು ಪೆಟ್ಟಿಗೆ ತೆರೆದೆ. ಹಳದಿ ವೈರು ಇರಲಿಲ್ಲ, ಬೇರೆ ವೈರು ಚುಚ್ಚಿದೆ. ಧುಪದಾಳದ ಒಡ್ಡು ಬರಲೆಂದು ಕಾದೆ. ಬಂದದ್ದು ಹೆಂಗಸರ ನಗು, ಸೀರೆಯ ಸರಬರ, ಮತ್ತು ಪಿಸುಮಾತು. ಗಾಬರಿಯಲ್ಲಿ ನಾನು ಒತ್ತಿದಾಗ ಹತ್ತಿದ ಕೆಂಪು ದೀಪ ಧ್ವನಿ ಹಿಡಿಯುವ ಗುಂಡಿಯದು. ಪ್ರೀತಿಯ ಮುಂದಿನ ಮೈಕಿನಿಂದ ಅದು ಹೊಸ ಒಡಪನ್ನು ಹಳೆಯದರ ಮೇಲೇ ಬರೆದುಬಿಟ್ಟಿತ್ತು. ಕ್ಯಾಸೆಟ್ಟು ಆಗಲೇ ತುಂಡಾಗಿತ್ತು. ಚಿಗವ್ವನ ಆ ಕಂಚಿನ ದನಿ ಇನ್ನು ಈ ಲೋಕದಲ್ಲಿ ಎಲ್ಲೂ ಇಲ್ಲ. ನಾನು ಅವತ್ತು ಊಟ ಮಾಡಲಿಲ್ಲ. ನಮ್ಮವರು ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ, ನನಗೆ ಚಹಾ ಮಾಡಿಕೊಟ್ಟರು.

ಮರುದಿನ ಕಾಕಾನಿಗೆ ಫೋನು ಮಾಡಿ ಹೇಳುವುದಾದರೂ ಹೇಗೆ? ಅವರಿಗೆ ಫೋನು ಕೇಳಿಸುವುದಿಲ್ಲ. ಅವರ ಮಗ, ನಮ್ಮ ಅಣ್ಣನ ಫೋನಿಗೆ ಇದ್ದದ್ದನ್ನೆಲ್ಲ ಬರೆದು ಕಳಿಸಿ, ಕಾಕಾನಿಗೆ ಓದಿಸು ಎಂದೆ. ಉತ್ತರ ಬರಲಿಲ್ಲ. ಭಾನುವಾರ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ಕಾಕಾ ಮತ್ತು ಚಿಗವ್ವ, ಕೈಯಲ್ಲಿ ಕುಬಸದ ಹೋಳಿಗೆಯ ಡಬ್ಬಿ.

"ಕಾಕಾ, ನಿಮ್ಮ ಕ್ಯಾಸೆಟ್…" ಎಂದು ನಾನು ಅಳಲು ಶುರುಮಾಡಿದೆ. ಅಳು ಅವರಿಗೆ ಕೇಳಿಸಲಿಲ್ಲ, ಕಾಣಿಸಿತು.

"ಏ ಹುಚ್ಚಿ, ಹಳೇದ ನನಗ ಬಾಯಿಪಾಠ ಐತಿ" ಎಂದರು. "ಹೊಸಾದ ಕೇಳಿಲ್ಲ. ಅದನ್ನ ಹಚ್ಚ."

ಚಿಗವ್ವ ನನ್ನ ಮುಖವನ್ನೂ ನೋಡದೆ "ಉಪ್ಪಿಟ್ಟ ಮಾಡತೀನಿ" ಎಂದು ಪಿಸುಗುಟ್ಟಿ ಅಡುಗೆಮನೆ ಹೊಕ್ಕಳು. ಡಬ್ಬಿಗಳು ತೆರೆಯುವ, ಮುಚ್ಚುವ ಸದ್ದು ಬಂತು. ಹಳದಿ ವೈರು ಸಾಸಿವೆಯ ಪಾಲಾದದ್ದು ಆಗಲೇ ಇರಬೇಕು. ಇಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದಳೋ, ಕೈಯಾರೆ ಕೊಡಲು ನಾಚಿಕೆಯಾಯಿತೋ, ನಾನು ಕೇಳುವುದಿಲ್ಲ.

ಕಾಕಾನನ್ನು ಪೆಟ್ಟಿಗೆಯ ಮುಂದೆ ಕೂರಿಸಿ, ದೊಡ್ಡ ಹೆಡ್‌ಫೋನು ಅವರ ಕಿವಿಗೆ ಹಾಕಿದೆ. ಅವರು ವೈರುಗಳನ್ನು ಒಮ್ಮೆ, ಗುಂಡಿಗಳನ್ನು ಒಮ್ಮೆ, ಅಂಗಡಿಯವರ ಕಣ್ಣಿನಿಂದ ನೋಡಿದರು. ನಾನು ಒಡಪು ಹಚ್ಚಿದೆ. ಅವರು ತಲೆಯಾಡಿಸಿದರು, ಕೇಳುತ್ತಿಲ್ಲ. ಸದ್ದು ಹೆಚ್ಚಿಸಿದೆ. ಇನ್ನೂ ಹೆಚ್ಚಿಸಿದೆ. ಆಗ ಅವರ ಕೈ ಮೇಲೆದ್ದು ಗಾಳಿಯಲ್ಲೇ ನಿಂತಿತು. ಪಿಸುದನಿ ಇಷ್ಟು ಬಡವಾಯಿತಲ್ಲ ಎಂದು ನನಗೆ ಅನ್ನಿಸಿತು. ಅರ್ಧ ವೋಲ್ಟು ಏರಿಸಿದರೆ ಸ್ವಲ್ಪ ಹಳೆಯ ಚಿಗವ್ವನಂತೆ ಕೇಳಬಹುದೆಂದು ಗುಂಡಿಗೆ ಕೈ ಹಾಕಿದೆ. ಹುಕ್ಕೇರಿಯ ಮದುವೆಗಳಲ್ಲಿ ಕಲಿತ ಚಾಳಿ.

ಕಾಕಾ ನನ್ನ ಮಣಿಕಟ್ಟು ಹಿಡಿದರು.

"ವೋಲ್ಟೇಜ್ ಏರಸಬ್ಯಾಡ ಶೈಲಾ" ಎಂದರು. "ಇದ್ದಂಗ ಇರಲಿ."

ಇನ್ನೊಮ್ಮೆ ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು. ಕೊನೆಯಲ್ಲಿ ಅವರ ಹೆಸರು ಬಂದಾಗ, ಹೆಡ್‌ಫೋನು ಹಾಕಿಕೊಂಡಿದ್ದೇನೆಂಬುದನ್ನು ಮರೆತು, ಕರ್ಣಾವೂ ಬೇಡದ ಆ ತಮ್ಮ ಹಳೆಯ ಗಂಟಲಿನಲ್ಲಿ, ಓಣಿಗೆಲ್ಲ ಕೇಳುವಂತೆ "ಓ…" ಎಂದು ಓಗೊಟ್ಟರು.

ಅಡುಗೆಮನೆಯಿಂದ ತಾಟು ಬಡಿದ ಸದ್ದು ಬರಲಿಲ್ಲ. ಚಿಗವ್ವ ತಾನೇ ಬಾಗಿಲಿಗೆ ಬಂದು ನಿಂತಿದ್ದಳು.